ಕರೆಂಟಿಗೆ ಬಣ್ಣ ಹಚ್ಚಿದ ಕಥೆ

"ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು."

ಮಕ್ಕಳ ಪುಸ್ತಕದ ಹಸ್ತಪ್ರತಿಯಲ್ಲಿ ಇದು ಒಂದೇ ಸಾಲು. ಬರೆದವರಿಗೆ ಅಷ್ಟು ಸಾಕು, ಓದುವವರಿಗೂ ಸಾಕು. ಚಿತ್ರ ಬಿಡಿಸೋರಿಗೆ ಮಾತ್ರ ತಾಪತ್ರಯ ಶುರುವಾಗೋದೇ ಇಲ್ಲಿಂದ. ಹೋಯಿತು ಅಂದ್ರೆ ಹೇಗೆ ಹೋಯಿತು? ಕಂಬದ ಕೆಳಗೆ ಇದ್ದದ್ದು ರಾಗಿ ಹೊಲವೋ, ಬರೀ ಬಂಡೆಯೋ? ಕಂಬ ನಿಲ್ಲಿಸಿದವರು ಏನು ಉಟ್ಟಿದ್ದರು, ತಲೆಗೆ ಏನು ಸುತ್ತಿದ್ದರು, ಕಾಲಲ್ಲಿ ಮೆಟ್ಟು ಇತ್ತಾ? ಬರೆಯೋರು ಇದ್ಯಾವುದನ್ನೂ ಹೇಳದೆ ಮುಂದೆ ಹೋಗಬಹುದು, ಯಾರೂ ಕೇಳಲ್ಲ. ನಾನು ಜಾರಿಕೊಳ್ಳೋ ಹಾಗಿಲ್ಲ. ಕಾಲು ಬರೆದ ಮೇಲೆ ಅದರಲ್ಲಿ ಮೆಟ್ಟು ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡಲೇಬೇಕು.

ಪುಸ್ತಕ ಆರೇಳು ವರ್ಷದ ಮಕ್ಕಳಿಗೆ. 32 ಪುಟ, ನಡುವೆ ಪಿನ್ ಹೊಡೆದದ್ದು. ಬರೆದವರು ಮಂಡ್ಯ ಕಡೆಯ ನಿವೃತ್ತ ಟೀಚರ್. ನಾನು ಮೇಡಂ ಅಂತೀನಿ, ಅವರು ನನ್ನನ್ನು ಹೆಸರು ಹಿಡಿದು ಕರೆಯೋದು ಕಡಿಮೆ, 'ನೋಡಮ್ಮ' ಅಂತಲೇ ಮಾತು ಶುರು. ಕಥೆ ಇಷ್ಟೇ. ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಬೀಳುತ್ತಾಳೆ. ಮೈಸೂರು ಸಂಸ್ಥಾನದವರು ಅಲ್ಲಿ ವಿದ್ಯುತ್ ಕೇಂದ್ರ ಕಟ್ಟಿ, 1902ರ ಜೂನ್‌ನಲ್ಲಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಿದರು. 92 ಮೈಲಿ ಅಂದ್ರೆ ಸುಮಾರು 148 ಕಿಲೋಮೀಟರ್. ಆ ಕಾಲಕ್ಕೆ ಇಡೀ ಜಗತ್ತಿನ ಅತಿ ಉದ್ದದ ಲೈನ್‌ಗಳಲ್ಲಿ ಅದೂ ಒಂದು. ಮೂರು ವರ್ಷದ ನಂತರ, 1905ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು.

ಒಳ್ಳೆ ಕಥೆ. ನದಿ ಇದೆ, ಚಿನ್ನ ಇದೆ, ಆನೆಯೂ ಇದೆ. ತಕ್ಷಣ ಒಪ್ಪಿಕೊಂಡೆ.

ಪೆನ್ಸಿಲ್ ಹಿಡಿಯೋಕೆ ಮುಂಚೆ ನಾನು ಮಾಡೋ ಮೊದಲ ಕೆಲಸ ಒಂದು ಪಟ್ಟಿ. ಆ ವರ್ಷ ಯಾರು ಬದುಕಿದ್ದರು, ಯಾವ ಕಟ್ಟಡ ನಿಂತಿತ್ತು, ಯಾವುದು ಇನ್ನೂ ಬಂದಿರಲಿಲ್ಲ ಅಂತ. ನೋಡೋಕೆ ಬೋರಿಂಗ್ ಕೆಲಸ, ಆದರೆ ಅರ್ಧ ಪುಸ್ತಕ ತೀರ್ಮಾನ ಆಗೋದೇ ಅಲ್ಲಿ. ಉದಾಹರಣೆಗೆ ಹಸ್ತಪ್ರತಿಯಲ್ಲಿ ಒಂದು ದೃಶ್ಯ ಇತ್ತು: ದಿವಾನ್ ಶೇಷಾದ್ರಿ ಅಯ್ಯರ್ ಸ್ವಿಚ್ ಒತ್ತುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಯೋಜನೆಯ ಹಿಂದೆ ನಿಂತವರು ಅವರೇ, ಅದರಲ್ಲಿ ಎರಡು ಮಾತಿಲ್ಲ. ಈಗ ಆ ಕೇಂದ್ರಕ್ಕೆ ಅವರದೇ ಹೆಸರಿದೆ. ಆದರೆ ಅವರು 1901ರಲ್ಲೇ ಅನಾರೋಗ್ಯದಿಂದ ಕೆಲಸ ಬಿಟ್ಟು, ಅದೇ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಕರೆಂಟು ಹರಿದದ್ದು ಮುಂದಿನ ಜೂನ್‌ನಲ್ಲಿ. ತಾವು ಓಡಾಡಿ ಮಾಡಿಸಿದ್ದನ್ನು ಅವರು ನೋಡಲೇ ಇಲ್ಲ.

ಮೇಡಂಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ನಕ್ಷೆ ನೋಡ್ತಾ ಕೂತಿರೋ ಹಾಗೆ ಹಾಕಮ್ಮ, ಅಷ್ಟಂತೂ ನಿಜ" ಅಂದರು.

ಹಾಗೇ ಮಾಡಿದೆ. ಕಬ್ಬನ್ ಪಾರ್ಕಿನಲ್ಲಿ, ಕೆಂಪು ಲೈಬ್ರರಿ ಕಟ್ಟಡದ ಮುಂದೆ ಅವರ ಪ್ರತಿಮೆ ಇದೆ ನೋಡಿ, 1913ರಲ್ಲಿ ನಿಲ್ಲಿಸಿದ್ದು. ನನಗೆ ಅದು ದೊಡ್ಡ ಉಪಕಾರ ಮಾಡಿತು. ಫೋಟೋಗಳಲ್ಲಿ ಪೇಟ ಮುಂದಿನಿಂದ ಮಾತ್ರ ಕಾಣುತ್ತೆ. ಪಕ್ಕದಿಂದ, ಹಿಂದಿನಿಂದ ಅದು ಹೇಗೆ ಕೂತಿರುತ್ತೆ ಅಂತ ತಿಳಿಯಬೇಕಾದರೆ ಪ್ರತಿಮೆಯ ಸುತ್ತ ಒಂದು ಸುತ್ತು ಬರಬೇಕು. ಜನ ವಾಕಿಂಗ್ ಮಾಡ್ತಾ ಇದ್ದರೆ ನಾನು ಪ್ರತಿಮೆಯ ಬೆನ್ನು ನೋಡಿಕೊಂಡು ಸ್ಕೆಚ್ ಮಾಡ್ತಾ ಕೂತಿದ್ದೆ.

ಅದೇ ಪಟ್ಟಿಯಿಂದ ಇನ್ನೊಂದು ವಿಷಯ ಹೊರಬಂತು. "ಮಹಾರಾಜರು ಒಪ್ಪಿಗೆ ಕೊಟ್ಟರು" ಅಂತ ಒಂದು ಸಾಲಿತ್ತು. ಯಾವ ಮಹಾರಾಜರು? ಚಾಮರಾಜೇಂದ್ರ ಒಡೆಯರ್ 1894ರಲ್ಲೇ ತೀರಿಕೊಂಡಿದ್ದರು. ಮಗ ಕೃಷ್ಣರಾಜ ಒಡೆಯರ್, ಅಂದರೆ ನಮ್ಮ ನಾಲ್ವಡಿ, ಹುಟ್ಟಿದ್ದು 1884ರಲ್ಲಿ, ಅಧಿಕಾರ ಕೈಗೆ ಬಂದಿದ್ದು 1902ರ ಆಗಸ್ಟ್‌ನಲ್ಲಿ. ಕರೆಂಟು ಹರಿದ ಮೇಲೆ! ಮಧ್ಯದ ಅಷ್ಟೂ ವರ್ಷ ರಾಜ್ಯ ನೋಡಿಕೊಂಡವರು ತಾಯಿ, ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ ಅಂತ ಕರೀತಿದ್ದದ್ದು ಅವರನ್ನೇ. ಅಂದ್ರೆ ಆ ಪುಟದಲ್ಲಿ ಮೀಸೆ, ಕತ್ತಿ, ಸಿಂಹಾಸನ ಯಾವುದೂ ಬೇಕಿಲ್ಲ. ಕಾಗದ ಓದುತ್ತಾ ಕೂತ ಒಬ್ಬ ತಾಯಿ, ಪಕ್ಕದಲ್ಲಿ ಹದಿನಾರು ವರ್ಷದ ಹುಡುಗ, ಅಷ್ಟೇ. ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಪುಟಗಳಲ್ಲಿ ಅದೂ ಒಂದು. ಮೊದಲಿನ ಸಾಲನ್ನೇ ನಂಬಿಕೊಂಡು ಬರೆದಿದ್ದರೆ ಎಲ್ಲಾ ಪುಸ್ತಕಗಳಲ್ಲೂ ಇರೋ ಅದೇ ದರ್ಬಾರು ಇಲ್ಲೂ ಬರ್ತಿತ್ತು.

ಹಿಂದೆ ಯಾವ ಅರಮನೆ ಹಾಕೋದು? ಮೈಸೂರು ಅಂದ ಕೂಡಲೇ ಕೈ ತಾನಾಗಿ ಆ ಗುಮ್ಮಟಗಳನ್ನು ಬರೆಯುತ್ತೆ. ಆದರೆ ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿತ್ತು, ಈಗ ನಾವು ನೋಡೋ ಅರಮನೆ ಮುಗಿದದ್ದು 1912ರಲ್ಲಿ. ನಡುವೆ ರಾಜಮನೆತನ ಇದ್ದದ್ದು ಜಗನ್ಮೋಹನ ಅರಮನೆಯಲ್ಲಿ. ಹಾಗಾಗಿ ಕಿಟಕಿಯ ಆಚೆ ಕಟ್ಟುತ್ತಾ ಇರೋ ಗೋಡೆ, ಅಟ್ಟಣಿಗೆ, ಕಲ್ಲು ಕಡೆಯೋರು. ಲಕ್ಷ ಬಲ್ಬಿನ ಅರಮನೆ ಹಾಕಿ ಅಂತ ಪ್ರಕಾಶನದವರು ಎಷ್ಟೋ ಸಲ ಕೇಳಿದರು. ಮುಖಪುಟಕ್ಕೆ ಚೆನ್ನಾಗಿರುತ್ತೆ, ಮಾರಾಟ ಆಗುತ್ತೆ ಅಂತ. ಚೆನ್ನಾಗೇನೋ ಇರ್ತಿತ್ತು. ಹಾಕಲಿಲ್ಲ.

ಬೆಂಗಳೂರಿನ ಪುಟಕ್ಕೂ ಇದೇ ಗೋಳು. ಮೊದಲ ಬೀದಿದೀಪ ಸಿಟಿ ಮಾರ್ಕೆಟ್ ಹತ್ತಿರ ಅಂತಾರೆ. ಈಗಿನ ಕೆ.ಆರ್. ಮಾರ್ಕೆಟ್ ಕಟ್ಟಡ 1920ರ ದಶಕದ್ದು, ಅದನ್ನು ಹಿಂದೆ ಹಾಕೋ ಹಾಗಿಲ್ಲ. ಮಿಂಟೋ ಆಸ್ಪತ್ರೆಯೂ ಇರಲಿಲ್ಲ. ಟಿಪ್ಪು ಅರಮನೆ ಇತ್ತು, ಕೋಟೆ ವೆಂಕಟರಮಣ ದೇವಸ್ಥಾನ ಇತ್ತು, 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ ಇತ್ತು. ನಾನು ದೇವಸ್ಥಾನದ ಗೋಪುರ ಇಟ್ಟುಕೊಂಡೆ, ಕತ್ತಲಲ್ಲಿ ಆಕಾರ ಮಾತ್ರ ಕಾಣೋ ಹಾಗೆ. ಬಲ್ಬಿನ ಬೆಳಕಿಗೂ ಬೆಳ್ಳಗಿನ ಬಣ್ಣ ಬೇಡ ಅನಿಸಿತು. ಟಂಗ್‌ಸ್ಟನ್ ತಂತಿ ಬರೋಕೆ ಮುಂಚೆ ಬಲ್ಬಿನೊಳಗೆ ಇದ್ದದ್ದು ಇಂಗಾಲದ ಎಳೆ, ಅದರ ಬೆಳಕು ಕಿತ್ತಳೆ ಕಡೆಗೆ ವಾಲಿದ ಹಳದಿ. ಈಗಿನ ಎಲ್‌ಇಡಿ ನೋಡಿ ಬೆಳೆದ ಮಗುವಿಗೆ ಅದು ದೀಪ ಅಂತಲೇ ಅನಿಸಲ್ವೇನೋ ಅಂತ ಭಯ ಇತ್ತು. ಹಾಗೇನೂ ಆಗಲಿಲ್ಲ.

ಇನ್ನು 'ಏಷ್ಯಾದಲ್ಲೇ ಮೊದಲು' ವಿಷಯ. ಇದಕ್ಕೆ ಮೇಡಂ ಜೊತೆ ನಿಜವಾಗಲೂ ಜಗಳ ಆಡಿದೆ. ಏಷ್ಯಾದಲ್ಲೇ ಮೊದಲು ವಿದ್ಯುತ್ ದೀಪ ಕಂಡ ಊರು ಬೆಂಗಳೂರು ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೀವಿ. ಆದರೆ ಡಾರ್ಜಿಲಿಂಗ್ ಹತ್ತಿರ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಕೇಂದ್ರ ಶುರುವಾಗಿತ್ತು, ಕೋಲ್ಕತ್ತದಲ್ಲಿ 1899ರಿಂದಲೇ ವಿದ್ಯುತ್ ಸರಬರಾಜು ಇತ್ತು.

"ನಾನು ಸರ್ವೀಸ್ ಪೂರ್ತಿ ಇದನ್ನೇ ಪಾಠ ಮಾಡಿದ್ದೀನಿ ಕಣಮ್ಮ."

"ಅದಕ್ಕೇ ಮೇಡಂ, ಈಗಲಾದ್ರೂ ತೆಗೆದುಬಿಡೋಣ."

ತೆಗೆದರು. ಆ ಜಾಗಕ್ಕೆ 92 ಮೈಲಿ ಬಂತು. ನನಗೆ ಅದರಿಂದ ಲಾಭವೇ ಆಯಿತು. 'ಮೊದಲು' ಅನ್ನೋದನ್ನ ಚಿತ್ರದಲ್ಲಿ ತೋರಿಸೋಕೆ ಬರಲ್ಲ, ಪದಕ ಹಾಕಿ ಒಂದು ಬಾವುಟ ನೆಡಬಹುದು ಅಷ್ಟೇ. ದೂರವನ್ನಾದರೆ ಪುಟದಿಂದ ಪುಟಕ್ಕೆ ಎಳೆದುಕೊಂಡು ಹೋಗಬಹುದು.

ಜಾಗ ನೋಡದೆ ಬರೆಯೋಕೆ ಆಗಲ್ಲ ಅಂತ ಶಿವನಸಮುದ್ರಕ್ಕೆ ಹೋದೆ. ಮಳವಳ್ಳಿ ಕಡೆಯಿಂದ ಹೋದರೆ ಗಗನಚುಕ್ಕಿ, ಕೊಳ್ಳೇಗಾಲದ ಕಡೆಗೆ ಭರಚುಕ್ಕಿ. ಎರಡೂ ಕಾವೇರಿಯೇ, ಆದರೆ ಗುಣ ಬೇರೆ. ಗಗನಚುಕ್ಕಿ ಬಂಡೆಗಳ ಮಧ್ಯೆ ಒತ್ತಿಕೊಂಡು ಧುಮುಕುತ್ತೆ, ಭರಚುಕ್ಕಿ ಅಗಲವಾಗಿ ಹರಡಿಕೊಂಡು ಬೀಳುತ್ತೆ. ಮೊದಲು ನಾನು ಫೋಟೋ ನೋಡಿ ಮಾಡಿದ ರಫ್ ಸ್ಕೆಚ್‌ಗಳಲ್ಲಿ ಎರಡೂ ಭೋರ್ಗರೆಯುತ್ತಾ ಇದ್ದವು. ನಾನು ಹೋದದ್ದು ಬೇಸಿಗೆಯಲ್ಲಿ. ಬಂಡೆಯ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ಎಳೆ, ಉಳಿದದ್ದೆಲ್ಲ ಕಲ್ಲು. ನಾನು ಬೇಜಾರು ಮಾಡಿಕೊಂಡು ಆ ಕಲ್ಲನ್ನೇ ಬರೀತಾ ಕೂತಿದ್ದೆ. ದನ ಹೊಡ್ಕೊಂಡು ಬಂದ ಒಬ್ಬ ಅಜ್ಜ ಬಗ್ಗಿ ನೋಡಿ, "ಏನವ್ವ, ನೀರೇ ಇಲ್ವಲ್ಲ, ಏನ್ ಬರೀತಿದ್ದೀಯ?" ಅಂದರು.

"ಕಲ್ಲು ಬರೀತಿದ್ದೀನಿ ತಾತ."

"ಕಲ್ಲು ಎಲ್ಲೂ ಹೋಗಲ್ಲ ಬುಡು. ಮಳೆ ಹಿಡ್ದ್ ಮ್ಯಾಲೆ ಬಾ."

ಆಮೇಲೆ ಮಳೆಗಾಲದಲ್ಲೂ ಹೋಗಿ ಬಂದೆ. ಆದರೆ ಆ ಒಣಗಿದ ಬಂಡೆ ಕೆಲಸಕ್ಕೆ ಬಂತು. 1902ರಲ್ಲಿ ಮೇಲೆ ಕನ್ನಂಬಾಡಿ ಕಟ್ಟೆ ಇರಲಿಲ್ಲ, ಅದರ ಕೆಲಸ ಶುರುವಾದದ್ದು 1911ರಲ್ಲಿ. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ವಿದ್ಯುತ್ತಿಗೂ ಕಷ್ಟ. ಕಟ್ಟೆ ಕಟ್ಟಿದ್ದಕ್ಕೆ ವ್ಯವಸಾಯದ ಜೊತೆಗೆ ಅದೂ ಒಂದು ಕಾರಣ. ಹಾಗಾಗಿ ಪುಸ್ತಕದಲ್ಲಿ ಜಲಪಾತ ಎರಡು ಸಲ ಬರುತ್ತೆ, ಒಮ್ಮೆ ತುಂಬಿ, ಒಮ್ಮೆ ಒಣಗಿ. ಅದರ ಬಗ್ಗೆ ಪಠ್ಯದಲ್ಲಿ ಒಂದಕ್ಷರ ಇಲ್ಲ. ಮಕ್ಕಳು ನೋಡಿಕೊಳ್ತಾರೆ.

ಯಂತ್ರಗಳು ಬಂದದ್ದು ಹೊರದೇಶದಿಂದ. ಟರ್ಬೈನ್ ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯದ್ದು, ಜನರೇಟರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದ್ದು. ಕೆಲಸದ ಉಸ್ತುವಾರಿ ಕೆನಡಾ ಮೂಲದ ಎಂಜಿನಿಯರ್, ಜೋಲಿ ದ ಲೋಟ್‌ಬಿನಿಯರ್ ಅವರದ್ದು. ಹಡಗು, ರೈಲು ದಾಟಿ ಬಂದ ಕಬ್ಬಿಣವನ್ನು ಅಲ್ಲಿಂದ ಮುಂದೆ ರಸ್ತೆಯಲ್ಲಿ ಆನೆ, ಕುದುರೆ, ಎತ್ತು ಕಟ್ಟಿ ಎಳೆದರು. ಈ ಆನೆಗಳೇ ಹಸ್ತಪ್ರತಿಯ ಹೀರೋ. ಮೊದಲ ಕರಡಿನಲ್ಲಿ ಅವು ಮಾತಾಡುತ್ತಿದ್ದವು ಕೂಡ. ನನಗೆ ಮಾತಾಡೋ ಆನೆ ಬಗ್ಗೆ ತಕರಾರಿಲ್ಲ, ಪಂಚತಂತ್ರದಲ್ಲಿ ಮಾತಾಡಲಿ. ಆದರೆ ಈ ಪುಸ್ತಕದಲ್ಲಿ ಆನೆ ಯಂತ್ರ ಎಳೆದದ್ದು ನಿಜ. ಅದೇ ಆನೆ "ಅಯ್ಯೋ ಭಾರ!" ಅಂದುಬಿಟ್ಟರೆ ಮಗು ಮಾತನ್ನೂ ಸುಳ್ಳು ಅಂದುಕೊಳ್ಳುತ್ತೆ, ಎಳೆದದ್ದನ್ನೂ ಸುಳ್ಳು ಅಂದುಕೊಳ್ಳುತ್ತೆ. ಮೇಡಂ ಇದನ್ನು ತಕ್ಷಣ ಒಪ್ಪಿದರು. ಕ್ಲಾಸಿನಲ್ಲಿ ಎಷ್ಟು ಸಲ "ಇದು ನಿಜಾನಾ ಮಿಸ್?" ಅಂತ ಕೇಳಿಸಿಕೊಂಡಿದ್ದಾರೋ ಏನೋ.

ಆದರೂ ಪುಟದಿಂದ ಪುಟಕ್ಕೆ ಮಗುವನ್ನು ಕರೆದುಕೊಂಡು ಹೋಗೋಕೆ ಯಾರಾದರೂ ಬೇಕಲ್ವಾ. ಆನೆ ಕೋಲಾರಕ್ಕೆ ಬರಲ್ಲ. ದಿವಾನರು ಅರ್ಧದಲ್ಲೇ ತೀರಿಕೊಳ್ತಾರೆ. ಕೊನೆಗೆ ಕಾಗೆ ಹಾಕಿದೆ. ಕಾಗೆ ಎಲ್ಲಿ ಬೇಕಾದರೂ ಇರಬಹುದು: ಆನೆ ಬೆನ್ನ ಮೇಲೆ, ಅರಮನೆಯ ಅಟ್ಟಣಿಗೆ ಮೇಲೆ, ಗಣಿಯ ಶಾಫ್ಟ್ ಮೇಲಿನ ಗಾಲಿಯ ಪಕ್ಕ. 1902ರಲ್ಲಿ ಕೋಲಾರದಲ್ಲಿ ಕಾಗೆ ಇತ್ತೇ ಅಂತ ಯಾವ ಇತಿಹಾಸಕಾರರೂ ಪತ್ರ ಬರೆಯಲ್ಲ.

ಜನರನ್ನು ಬರೆಯೋದು ಇದಕ್ಕಿಂತ ಕಷ್ಟ. ಆ ಕಾಲದ ಕಾಮಗಾರಿ ಫೋಟೋಗಳನ್ನು ನೋಡಿದವರಿಗೆ ಗೊತ್ತು, ಕೋಟು ಹ್ಯಾಟಿನವರು ನಡುವೆ ನೆಟ್ಟಗೆ ನಿಂತಿರ್ತಾರೆ, ಕಲ್ಲು ಹೊತ್ತವರು ಅಂಚಿನಲ್ಲಿ ಮಸುಕಾಗಿರ್ತಾರೆ, ಕೆಲವೊಮ್ಮೆ ಅರ್ಧ ಕತ್ತರಿಸಿಯೂ ಹೋಗಿರ್ತಾರೆ. ಕೆಳಗೆ ಹೆಸರು ಇರೋದು ನಡುವೆ ನಿಂತವರಿಗೆ ಮಾತ್ರ. ನಾನು ಕ್ಯಾಮೆರಾ ಆಚೆ ಕಡೆಗೆ ಇಟ್ಟಂತೆ ಬರೆದೆ. ಮಂಕರಿ ಹೊತ್ತ ಹೆಂಗಸಿನ ಬೆನ್ನು, ಸಿಂಬಿ, ಕುತ್ತಿಗೆಯ ಬೆವರು ಮುಂದೆ, ದೊಡ್ಡದಾಗಿ. ಎಂಜಿನಿಯರ್ ಸಾಹೇಬರು ದೂರದಲ್ಲಿ ಹೆಬ್ಬೆರಳಷ್ಟು. ಕೋಲಾರದ ಗಣಿಗೆ ಹಸಿವು ತಾಳಲಾರದೆ ತಮಿಳು ಸೀಮೆಯಿಂದ ಬಂದ ಕುಟುಂಬಗಳೇ ಜಾಸ್ತಿ, ಅವರಲ್ಲಿ ಬಹಳಷ್ಟು ದಲಿತರು. ಅವರ ಮೈಬಣ್ಣಕ್ಕೆ ಬರ್ಂಟ್ ಸಿಯೆನ್ನಾ ಜೊತೆ ಅಲ್ಟ್ರಾಮರೀನ್ ಬೆರೆಸಿ, ಬಿಸಿಲು ಬಿದ್ದ ಕಡೆ ಒಂಚೂರು ಕಿತ್ತಳೆ, ನೆರಳಿಗೆ ನೀಲಿ ಜಾಸ್ತಿ ಮಾಡಿ ಹಚ್ಚಿದೆ. ನಿಧಾನಕ್ಕೆ ಪದರ ಪದರವಾಗಿ. ಒಂದೇ ಸಲ ಕಂದು ಬಣ್ಣ ಬಳಿದರೆ ಮಣ್ಣಿನ ಗೊಂಬೆ ಥರ ಆಗುತ್ತೆ, ಜೀವ ಇರಲ್ಲ.

ಆ ಪುಟಗಳಿಗೆ ಪ್ರಕಾಶನದ ಕಡೆಯಿಂದ ಬಂದ ಟಿಪ್ಪಣಿ: "ಸ್ವಲ್ಪ ಬೆಳ್ಳಗೆ ಮಾಡಬಹುದಾ? ಮುಖ ಲಕ್ಷಣವಾಗಿ ಕಾಣಲಿ."

ಇಂಥ ಟಿಪ್ಪಣಿ ನನಗೆ ಹೊಸದಲ್ಲ. ಚಿತ್ರ ಬಿಡಿಸೋ ಬೇರೆಯವರನ್ನು ಕೇಳಿ ನೋಡಿ, ಎಲ್ಲರ ಹತ್ತಿರವೂ ಒಂದೊಂದು ಇರುತ್ತೆ. ಮುದ್ರಣದಲ್ಲಿ ಗಾಢ ಬಣ್ಣ ಇನ್ನೂ ಕಪ್ಪಾಗುತ್ತೆ ಅನ್ನೋದು ಅವರ ನೆಪ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಹಾಗಾಗಿ ಮೈಬಣ್ಣ ಮುಟ್ಟದೆ, ಹಿಂದಿನ ಆಕಾಶವನ್ನು ತಿಳಿ ಮಾಡಿದೆ. ಮುಖ ಎದ್ದು ಕಂಡಿತು. ಟಿಪ್ಪಣಿ ಮತ್ತೆ ಬರಲಿಲ್ಲ.

ಈಗ ಮುಖ್ಯ ಸಮಸ್ಯೆ. ಕರೆಂಟನ್ನು ಹೇಗೆ ತೋರಿಸೋದು? ಎಲ್ಲರೂ ಹಾಕೋದು ಮಿಂಚಿನ ಗೆರೆ, ಝಡ್ ಆಕಾರದ್ದು. ನನಗೆ ಅದು ಬೇಡ ಅನಿಸಿತು, ಅದು ಅಪಾಯದ ಬೋರ್ಡಿನ ಚಿಹ್ನೆ. ಕೊನೆಗೆ ಸಿಕ್ಕ ದಾರಿ ತುಂಬಾ ಸರಳ. ಪುಸ್ತಕದ ಮೊದಲರ್ಧದಲ್ಲಿ ತಂತಿ ಬರೀ ಕಪ್ಪು ಗೆರೆ. ಕೇಂದ್ರ ಶುರುವಾದ ಪುಟದಿಂದ ಅದೇ ಗೆರೆ ಹಳದಿ. ಪುಟ ತಿರುವಿದರೂ ಅದೇ ಎತ್ತರದಲ್ಲಿ ಮುಂದುವರಿಯುತ್ತೆ, ಮಗು ಬೆರಳು ಇಟ್ಟುಕೊಂಡು ಶಿವನಸಮುದ್ರದಿಂದ ಗಣಿವರೆಗೆ ಹೋಗಬಹುದು.

ಹೇಳೋಕೆ ಸರಳ. ಪ್ರಿಂಟಿಗೆ ಬಂದಾಗ ಗೊತ್ತಾಗುತ್ತೆ ಅದರ ಕಥೆ. ಜೋಡಿ ಪುಟದ ಎಡಭಾಗ ಬಲಭಾಗ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಅಚ್ಚಾಗೋದು ಪುಸ್ತಕದ ನಟ್ಟನಡುವಿನ ಪುಟದಲ್ಲಿ ಮಾತ್ರ. ಉಳಿದ ಕಡೆ ಎರಡೂ ಬೇರೆ ಬೇರೆ ಹಾಳೆಯವು, ಮಡಚಿ ಪಿನ್ ಹೊಡೆಯುವಾಗ ಜೊತೆಯಾಗ್ತವೆ. ಕೂದಲೆಳೆಯಷ್ಟು ಮೇಲೆ ಕೆಳಗೆ ಆಗೇ ಆಗುತ್ತೆ. ದೊಡ್ಡ ಮರವೋ ಬೆಟ್ಟವೋ ಆದರೆ ಕಣ್ಣಿಗೆ ಬೀಳಲ್ಲ. ಅಡ್ಡಡ್ಡ ಹೋಗೋ ತೆಳು ಗೆರೆ ಮಾತ್ರ ಮುರಿದ ಹಾಗೆ ಎದ್ದು ಕಾಣುತ್ತೆ, ಮತ್ತೆ ನನ್ನ ಇಡೀ ಪುಸ್ತಕ ನಿಂತಿರೋದೇ ಅಂಥ ಒಂದು ಗೆರೆಯ ಮೇಲೆ. ಅದಕ್ಕೆ ಪ್ರತಿ ಮಡಿಕೆಯ ಜಾಗದಲ್ಲೂ ಒಂದು ಕಂಬ ನಿಲ್ಲಿಸಿದೆ. ಗೆರೆ ಕಂಬದವರೆಗೆ ಬಂದು ನಿಲ್ಲುತ್ತೆ, ಆಚೆಯಿಂದ ಮತ್ತೆ ಶುರುವಾಗುತ್ತೆ. ಒಂಚೂರು ಹೆಚ್ಚುಕಮ್ಮಿ ಆದರೂ ಯಾರಿಗೂ ಗೊತ್ತಾಗಲ್ಲ. ಕಂಬ ಇರಬೇಕಾದ್ದೂ ಅಲ್ಲೇ ಅಲ್ವಾ!

ಬಣ್ಣದ್ದು ಇನ್ನೊಂದು. ರಾತ್ರಿಯ ನೀಲಿ ಮೇಲೆ ಹಳದಿ ಅಚ್ಚಾದರೆ ಹಸಿರಾಗುತ್ತೆ. ಅದಕ್ಕೆ ನೀಲಿಯಲ್ಲಿ ಗೆರೆಯ ಜಾಗ ಖಾಲಿ ಬಿಟ್ಟು, ಅಲ್ಲಿಗೆ ಹಳದಿ ಬೀಳೋ ಹಾಗೆ ಮಾಡಬೇಕು. ಪ್ರೆಸ್ಸಿನವರು ಫೈಲ್ ನೋಡಿದ ತಕ್ಷಣ ತಲೆ ಅಲ್ಲಾಡಿಸಿದರು: "ಮೇಡಂ, ರಿಜಿಸ್ಟರ್ ಒಂದು ಕೂದಲು ಆಚೆ ಹೋದ್ರೆ ಪಕ್ಕದಲ್ಲಿ ಬಿಳಿ ಗೆರೆ ಹಲ್ಲು ಕಿರಿಯುತ್ತೆ." ರಿಜಿಸ್ಟರ್ ಅಂದರೆ ಒಂದೊಂದು ಶಾಯಿಯೂ ಸರಿಯಾದ ಜಾಗದಲ್ಲೇ ಕೂರೋದು. ಗೆರೆಯನ್ನು ದಪ್ಪ ಮಾಡಿ, ಅಂಚಿನಲ್ಲಿ ನೀಲಿ ಸ್ವಲ್ಪ ಹಳದಿಯ ಅಡಿಗೆ ನುಗ್ಗೋ ಹಾಗೆ ಬಿಟ್ಟೆವು. ಅಂಚು ಒಂಚೂರು ಹಸಿರಾಯಿತು. ಅದೇ ಚೆನ್ನಾಗಿ ಕಂಡಿತು. ಇನ್ನು ಆ ನೀಲಿ. ಕಂಪ್ಯೂಟರ್ ಪರದೆಯ ಮೇಲೆ ಮಿನುಗೋ ನೀಲಿ ಕಾಗದದ ಮೇಲೆ ಬರಲ್ಲ, ಸಿಎಂವೈಕೆಗೆ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕಕ್ಕೆ, ಹೋದ ಕೂಡಲೇ ಮಂಕಾಗುತ್ತೆ. ಹಾಗಂತ ಕಪ್ಪು, ನೀಲಿ, ಕೆಂಪು ಎಲ್ಲ ತುಂಬಿದರೆ ಶಾಯಿ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತೆ. ಪರದೆ ನೋಡಿ ಬಣ್ಣ ಆರಿಸೋದನ್ನು ನಾನು ಎಂದೋ ಬಿಟ್ಟಿದ್ದೀನಿ, ಅಚ್ಚಾದ ಬಣ್ಣದ ಪಟ್ಟಿ ಪಕ್ಕದಲ್ಲಿ ಇಟ್ಟುಕೊಂಡೇ ಕೂರೋದು.

ಅಕ್ಷರಕ್ಕೆ ಜಾಗ ಬಿಡೋದನ್ನೂ ಹೇಳಿಬಿಡ್ತೀನಿ. ಕನ್ನಡಕ್ಕೆ ಒತ್ತಕ್ಷರ ಇದೆ, ಎರಡು ಸಾಲಿನ ಮಧ್ಯೆ ಉಸಿರಾಡೋಕೆ ಜಾಗ ಬೇಕು. ಚಿಕ್ಕ ಮಕ್ಕಳಿಗೆ ಅಕ್ಷರ ದೊಡ್ಡದೂ ಇರಬೇಕು. ಇಂಗ್ಲಿಷ್ ಪುಸ್ತಕದ ಲೇಔಟ್ ನೋಡಿಕೊಂಡು ಜಾಗ ಬಿಟ್ಟರೆ, ಕೊನೆಗೆ 'ವಿದ್ಯುತ್ತು' ಅನ್ನೋದರ ಒತ್ತು ಆನೆಯ ಕಿವಿ ಮೇಲೆ ಕೂರುತ್ತೆ.

ರಫ್ ಸ್ಕೆಚ್ ಎಲ್ಲ ಸೇರಿಸಿ ಡಮ್ಮಿ ಪುಸ್ತಕ ಮಾಡಿ ಮೇಡಂ ಅವರ ಹಳೆಯ ಶಾಲೆಗೆ ತೆಗೆದುಕೊಂಡು ಹೋದೆವು. ಇದನ್ನು ಯಾರೂ ತಪ್ಪಿಸಬಾರದು. ದೊಡ್ಡವರು ನೋಡಿ "ಸೂಪರ್" ಅಂತಾರೆ, ಅದರಿಂದ ಏನೂ ಉಪಯೋಗ ಇಲ್ಲ. ಮಕ್ಕಳು ಕೇಳ್ತಾರೆ.

ಒಬ್ಬ ಹುಡುಗ ಕೇಂದ್ರದ ಒಳಭಾಗ ತೋರಿಸೋ ಪುಟದ ಮೇಲೆ ಬೆರಳಿಟ್ಟ. ಮೇಲಿನ ಕಾಲುವೆಯಿಂದ ನೀರು ದಪ್ಪ ಕೊಳವೆಯಲ್ಲಿ ಕೆಳಗೆ ಧುಮುಕುತ್ತೆ, ಟರ್ಬೈನ್ ತಿರುಗುತ್ತೆ, ಅದರ ಜೊತೆಗೆ ಜನರೇಟರ್ ತಿರುಗುತ್ತೆ, ಹಳದಿ ಗೆರೆ ಹೊರಡುತ್ತೆ. "ಕರೆಂಟ್ ತಗೊಂಡ ಮೇಲೆ ಆ ನೀರು ಏನಾಯ್ತು?" ಅಂದ. ನನ್ನ ಸ್ಕೆಚ್‌ನಲ್ಲಿ ನೀರು ಟರ್ಬೈನ್ ಹತ್ತಿರ ಬಂದು ಪುಟದ ಅಂಚಿನಲ್ಲಿ ಮುಗಿದುಹೋಗ್ತಿತ್ತು. ದೊಡ್ಡವರು ಯಾರೂ ಅದನ್ನು ನೋಡಿರಲಿಲ್ಲ, ನೀರಿನ ಸತ್ವ ತೆಗೆದುಬಿಟ್ಟರೆ ಬೆಳೆಗೆ ಏನು ಗತಿ ಅನ್ನೋ ಹಳೇ ಜೋಕು ಹೇಳಿ ನಕ್ಕವರೂ ನೋಡಿರಲಿಲ್ಲ. ಅಂತಿಮ ಚಿತ್ರದಲ್ಲಿ ನೀರು ಕೆಳಗಿನಿಂದ ಹೊರಗೆ ಬಂದು ಮತ್ತೆ ಹೊಳೆ ಸೇರುತ್ತೆ. ಮೇಲೆ ಯಾವ ನೀಲಿಯೋ ಕೆಳಗೂ ಅದೇ ನೀಲಿ. ಒಂದು ಮೀನೂ ಇದೆ.

ಇನ್ನೊಬ್ಬಳು ಕಾಗೆ ನೋಡಿ, "ಇದಕ್ಕೆ ಶಾಕ್ ಹೊಡೆಯಲ್ವಾ ಮಿಸ್?" ಅಂದಳು. ಎರಡು ಕಾಲೂ ಒಂದೇ ತಂತಿ ಮೇಲೆ ಇದ್ದರೆ ಹೊಡೆಯಲ್ಲ, ಇನ್ನೊಂದು ತಂತಿಯನ್ನೋ ಕಂಬವನ್ನೋ ಜೊತೆಗೆ ಮುಟ್ಟಿದರೆ ಕಥೆ ಮುಗೀತು ಅಂತ ಮೇಡಂ ಬೋರ್ಡಿನ ಮೇಲೆ ಬರೆದು ತೋರಿಸಿದರು. ನೀವು ಮಾತ್ರ ಮುಟ್ಟೋಕೆ ಹೋಗಬೇಡಿ, ನಿಮ್ಮ ಕಾಲು ನೆಲದ ಮೇಲಿರುತ್ತೆ ಅಂತಲೂ ಎರಡೆರಡು ಸಲ ಹೇಳಿದರು. ಅವತ್ತಿನಿಂದ ಕಾಗೆ ರೆಕ್ಕೆ ಬಿಚ್ಚೋ ಪುಟಗಳಲ್ಲೆಲ್ಲ ಅದು ತಂತಿಯಿಂದ ದೂರ, ಆಕಾಶದಲ್ಲಿ.

ಗಣಿಯ ಪುಟಕ್ಕೆ ಬಂದಾಗ ಮಕ್ಕಳೆಲ್ಲ ಬಲ್ಬು ಹುಡುಕಿದರು. ಕರೆಂಟು ಬಂತು ಅಂದ್ರೆ ಬಲ್ಬು, ಅಷ್ಟೇ ಅವರಿಗೆ ಗೊತ್ತಿರೋದು. 1902ರ ಕರೆಂಟನ್ನು ಗಣಿಯವರು ತರಿಸಿಕೊಂಡದ್ದು ಯಂತ್ರ ಓಡಿಸೋಕೆ. ಅದಕ್ಕೆ ಮುಂಚೆ ಸೌದೆ, ಕಲ್ಲಿದ್ದಲು ಸುಟ್ಟು ಉಗಿ ಯಂತ್ರ ಓಡಿಸುತ್ತಿದ್ದರು. ಹಾಗಾಗಿ ಆ ಪುಟದಲ್ಲಿ ಮೊದಲು ಹೊಗೆ, ಪಕ್ಕದಲ್ಲಿ ಹೊಗೆ ಇಲ್ಲದ ಅದೇ ಜಾಗ. ಆದರೆ ನನಗೆ ಮುಖ್ಯ ಅನಿಸಿದ್ದು ಅದರ ಹಿಂದಿನ ಪುಟ. ಶಿವನಸಮುದ್ರಕ್ಕೂ ಗಣಿಗೂ ಮಧ್ಯೆ ಎಷ್ಟೊಂದು ಹಳ್ಳಿ! ಲೈನ್ ಅವುಗಳ ತಲೆ ಮೇಲೆ ಹಾದುಹೋಯಿತು, ಮನೆಯೊಳಗೆ ಮಾತ್ರ ಇನ್ನೂ ದಶಕಗಟ್ಟಲೆ ಎಣ್ಣೆ ದೀಪವೇ. ಹಸ್ತಪ್ರತಿಯಲ್ಲಿ ಆ ಜೋಡಿ ಪುಟಕ್ಕೆ ಇದ್ದದ್ದು ನಾನು ಮೊದಲೇ ಹೇಳಿದ ಒಂದು ಸಾಲು. ನಾನು ಬರೆದದ್ದು ರಾತ್ರಿ. ಮೇಲೆ ಉದ್ದಕ್ಕೂ ಹಳದಿ ಗೆರೆ. ಕೆಳಗೆ ಕತ್ತಲಲ್ಲಿ ಹಟ್ಟಿಗಳು, ಒಂದು ಬಾಗಿಲಲ್ಲಿ ಬುಡ್ಡಿ ದೀಪ ಹಿಡಿದು ಮೇಲೆ ನೋಡ್ತಿರೋ ಮುದುಕಿ.

ಮೇಡಂ ಆ ಚಿತ್ರ ನೋಡಿದ ಮೇಲೆ ಆ ಪುಟಕ್ಕೆ ಇನ್ನೊಂದು ಸಾಲು ಸೇರಿಸ್ತೀನಿ ಅಂತ ಕೂತರು, ಹಳ್ಳಿಗಳಿಗೆ ಕರೆಂಟು ಬರಲಿಲ್ಲ ಅಂತ. ಎರಡು ಮೂರು ಥರ ಬರೆದು ನೋಡಿ, ಕೊನೆಗೆ ಅವರೇ ಹೊಡೆದು ಹಾಕಿದರು. "ಬೇಡ ಬಿಡಮ್ಮ. ಮಕ್ಕಳೇ ಕೇಳ್ಲಿ, ಆಗ ಟೀಚರ್‌ಗಳು ಹೇಳ್ಲಿ." ಶಾಲೆಯಲ್ಲಿ ಓದಿದಾಗ ಕೇಳಿದರು ಕೂಡ. "ಈ ಅಜ್ಜಿ ಮನೆಗೆ ಯಾಕೆ ಕೊಡಲಿಲ್ಲ?"

ಕೊನೆಯ ಪುಟಕ್ಕೆ ಇನ್ನೊಂದು ಚಿಕ್ಕ ಜಗಳ. ಮಕ್ಕಳ ಇತಿಹಾಸದ ಪುಸ್ತಕದಲ್ಲಿ, ಚಿತ್ರದಲ್ಲಿ ಏನು ನಿಜ ಏನು ಊಹೆ ಅಂತ ಒಂದು ಪುಟ ಇರಬೇಕು ಅನ್ನೋದು ನನ್ನ ಹಟ. ಆನೆ ನಿಜ, ಕಾಗೆ ಊಹೆ. ಮಹಾರಾಣಿ ನಿಜ, ಅವರು ಕೂತಿರೋ ಕುರ್ಚಿ ಊಹೆ. 92 ಮೈಲಿ ನಿಜ, ಬುಡ್ಡಿ ದೀಪದ ಅಜ್ಜಿಯ ಮುಖ ಊಹೆ, ಅವಳ ಮನೆಯ ಕತ್ತಲು ನಿಜ. ಪ್ರಕಾಶನದವರಿಗೆ ಆ ಜಾಗದಲ್ಲಿ ತಮ್ಮ ಬೇರೆ ಪುಸ್ತಕಗಳ ಜಾಹೀರಾತು ಬೇಕಿತ್ತು. ಅರ್ಧ ಪುಟ ಅವರಿಗೆ, ಅರ್ಧ ಪುಟ ನಮಗೆ ಅಂತ ಆಯಿತು, ಅಕ್ಷರ ಸಣ್ಣದಾಯಿತು. ಎರಡನೇ ಮುದ್ರಣ ಆದರೆ ಪೂರ್ತಿ ಪುಟ ಕೊಡ್ತೀವಿ ಅಂದಿದ್ದಾರೆ. ನೋಡೋಣ.